ಬ್ಯಾಲೆನ್ಸ್ ಲಗ್ ಹಾಯಿ: ಯಾರ್ಡ್ ಮುಂಗೋಡಿಯಿಂದ ಕ್ಲ್ಯೂವರೆಗೆ ಓರೆ ನಿರಿಗೆ, ಗಾಳಿ ಏರಿದರೆ ಟಿಲ್ಲರ್ ಭಾರ

ಹೊಳೆಕರೆ

ನಮಸ್ಕಾರ. ಬ್ಯಾಲೆನ್ಸ್ ಲಗ್, ಅಂದರೆ ಸ್ವಲ್ಪ ಭಾಗ ಮಾಸ್ಟಿನ ಮುಂದಕ್ಕೂ ಚಾಚುವ ನಾಲ್ಕು ಮೂಲೆಯ ಹಾಯಿ, ಅದರ ಹೊಂದಾಣಿಕೆ ಗೊತ್ತಿರುವವರು ನೋಡಿ ಹೇಳಿ. ಅಳತೆಗಳನ್ನೆಲ್ಲ ಮೊದಲೇ ಕೊಟ್ಟುಬಿಡುತ್ತೇನೆ.

ದೋಣಿ 4.2 ಮೀ. ಉದ್ದ, 1.5 ಮೀ. ಅಗಲ. 6 ಮಿ.ಮೀ. ಮರೈನ್ ಪ್ಲೈವುಡ್ಡನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ ಮತ್ತು ಗ್ಲಾಸ್ ಟೇಪ್ ಹಾಕಿ ಕೂಡಿಸಿದ್ದು. ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ) ತಿರುಗಣಿ ಮೇಲೆ ಮೇಲೇಳುವ ಬಗೆಯದು, ಕೆಳಗಿಳಿಸಿದಾಗ ತಳದಿಂದ 80 ಸೆಂ.ಮೀ. ಆಳ. ಚುಕ್ಕಾಣಿಯ ಅಲಗೂ ಮಡಚುವಂಥದ್ದು. ಮಾಸ್ಟ್ (ಹಾಯಿಕಂಬ) 4.6 ಮೀ. ಅಲ್ಯೂಮಿನಿಯಂ ಪೈಪು, ಅದನ್ನು ಸುತ್ತಲಿಂದ ಹಿಡಿಯುವ ಸ್ಟೇ ಹಗ್ಗಗಳಿಲ್ಲ. ಬೂಮ್ (ಹಾಯಿಯ ಕೆಳಗಿನ ಮರ) 3 ಮೀ. ಪೈನ್. ಯಾರ್ಡ್ (ಹಾಯಿಯ ಮೇಲಿನ ಅಂಚು ಕಟ್ಟುವ ಮರ) 3.2 ಮೀ. ಬಿದಿರು. ಹಾಯಿ 8 ಚದರ ಮೀಟರ್, 4 ಔನ್ಸ್ ಡೇಕ್ರಾನ್, ಮನೆಯಲ್ಲೇ ಹೊಲಿದದ್ದು, ಕೆಳ ಅಂಚು ಬೂಮಿಗೆ ಕಟ್ಟದೆ ಸಡಿಲ.

ಹ್ಯಾಲ್ಯಾರ್ಡನ್ನು (ಹಾಯಿ ಏರಿಸುವ ಹಗ್ಗ) ಯಾರ್ಡಿನ ಮುಂಗೋಡಿಯಿಂದ, ಅಂದರೆ ಮುಂದಿನ ತುದಿಯಿಂದ, 1.05 ಮೀ.ಗೆ ಕಟ್ಟಿದ್ದೇನೆ. ಬೂಮ್ ಮಾಸ್ಟಿನ ಮುಂದೆ 30 ಸೆಂ.ಮೀ. ಚಾಚಿದೆ. ಡೌನ್‌ಹಾಲ್ (ಬೂಮನ್ನು ಕೆಳಗೆಳೆಯುವ ಹಗ್ಗ) 2:1, ಅಂದರೆ ರಾಟೆಯಿಂದ ಕೈಬಲ ಇಮ್ಮಡಿ. ಹ್ಯಾಲ್ಯಾರ್ಡ್, ಡೌನ್‌ಹಾಲ್ ಎರಡೂ 6 ಮಿ.ಮೀ. ನೈಲಾನ್, ಬಂದರಿನ ಬಲೆ ಅಂಗಡಿಯದ್ದು. ಯಾರ್ಡ್, ಬೂಮ್, ಹಾಯಿ ಎಲ್ಲವೂ ಮಾಸ್ಟಿನ ಎಡಬದಿಗೆ.

ಓಡಿಸುವ ಜಾಗ ಪಂಚಗಂಗಾವಳಿ ಹೊಳೆಬಾಯಿಯ ಒಳಗಿನ ಹಿನ್ನೀರು. ಬೆಳಿಗ್ಗೆಯ ಮೂಡುಗಾಳಿಗೆ ಏನೂ ತೊಂದರೆ ಇಲ್ಲ. ಮಧ್ಯಾಹ್ನ ಪಡುಗಾಳಿ 10 ನಾಟ್ ದಾಟಿದರೆ:

ಯಾರ್ಡ್ ಮುಂಗೋಡಿಯಿಂದ ಕ್ಲ್ಯೂ (ಹಾಯಿಯ ಹಿಂದಿನ ಕೆಳಮೂಲೆ) ಕಡೆಗೆ ಓರೆಯಾಗಿ ದಪ್ಪ ನಿರಿಗೆ ಬೀಳುತ್ತದೆ. ಟಿಲ್ಲರ್ (ಚುಕ್ಕಾಣಿಯ ಹಿಡಿಕೆ) ಕೈಗೆ ಭಾರ, ದೋಣಿ ಗಾಳಿಗೆ ತಿರುಗಲು ಎಳೆಯುತ್ತದೆ. ಗಾಳಿಗೆದುರು ಅಂಕುಡೊಂಕಾಗಿ ಹೋಗುವಾಗ ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ದಿಕ್ಸೂಚಿಯಲ್ಲಿ 120 ಡಿಗ್ರಿ ಬರುತ್ತದೆ. ಗಾಳಿ ಬೆನ್ನಿಗಿದ್ದಾಗ ದೋಣಿ ಎರಡೂ ಕಡೆ ಹೊಯ್ದಾಡುತ್ತದೆ. ಇನ್ನೊಂದು: ಎಡಬದಿಯಿಂದ ಗಾಳಿ ಬಂದಾಗ ಹಾಯಿ ಮಾಸ್ಟಿಗೆ ಒತ್ತಿಕೊಳ್ಳುತ್ತದೆ, ಬಲಬದಿಯಿಂದ ಬಂದಾಗ ಯಾರ್ಡ್ ಮಾಸ್ಟಿನಿಂದ 10 ಸೆಂ.ಮೀ. ದೂರ ಹೋಗಿ ತೂಗಾಡುತ್ತದೆ.

ಮಾಸ್ಟನ್ನೇ ಜರುಗಿಸಬೇಕೇ? ಜರುಗಿಸಬೇಕೆಂದರೆ ಮುಂದಿನ ತಾಫ್ಟ್ (ಮಾಸ್ಟ್ ಹಾದುಹೋಗುವ ಅಡ್ಡ ಹಲಗೆ) ಕಿತ್ತು ಮತ್ತೆ ಹಾಕಬೇಕು, ಅದಕ್ಕೇ ಮೊದಲು ಕೇಳುತ್ತಿದ್ದೇನೆ.

ಮೂಡುಗಾಳಿ

ಗರಗಸ ಕೆಳಗಿಡಿ. ಮಾಸ್ಟ್ ಮುಟ್ಟುವುದು ಬೇಡ. ನೀವು ಬರೆದದ್ದರಲ್ಲಿ ಮುಕ್ಕಾಲು ಪಾಲು ಡೌನ್‌ಹಾಲ್ ಸಾಲದ್ದರಿಂದ ಬಂದದ್ದು.

ಯಾರ್ಡ್ ಅಂದರೆ ಏತದ ಮರ ಇದ್ದ ಹಾಗೆ. ಹ್ಯಾಲ್ಯಾರ್ಡ್ ಕಟ್ಟಿದ ಜಾಗ ಅದರ ಆನಿಕೆ. ಮುಂದಿನ ತುದಿಯನ್ನು ಲಫ್ (ಹಾಯಿಯ ಮುಂದಿನ ಅಂಚು) ಕೆಳಗೆಳೆಯುತ್ತದೆ, ಹಿಂದಿನ ತುದಿಯನ್ನು ಲೀಚ್ (ಹಿಂದಿನ ಅಂಚು) ಕೆಳಗೆಳೆಯುತ್ತದೆ. ಮುಂದಿನ ಎಳೆತ ಕಡಿಮೆಯಾದರೆ ಹಿಂದಿನ ತುದಿ, ಅಂದರೆ ಪೀಕ್, ಬಾಗಿ ಕೆಳಗಿಳಿಯುತ್ತದೆ. ಆಗ ಲೀಚ್ ಸಡಿಲಾಗಿ ಹಾಯಿಯ ಮೇಲ್ಭಾಗ ಗಾಳಿಮರೆಗೆ ತಿರುಚಿಕೊಳ್ಳುತ್ತದೆ, ಬಟ್ಟೆಯ ಭಾರವೆಲ್ಲ ಮುಂಗೋಡಿಯಿಂದ ಕ್ಲ್ಯೂಗೆ ಓರೆಯಾಗಿ ನೇತುಬೀಳುತ್ತದೆ. ನಿಮ್ಮ ನಿರಿಗೆ ಅದೇ.

ಈಗ ಲೆಕ್ಕ ನೋಡಿ. ಆನಿಕೆ 1.05 ಮೀ.ನಲ್ಲಿದ್ದರೆ ಹಿಂದೆ ಉಳಿಯುವುದು 2.15 ಮೀ. ಲಫ್‌ನಲ್ಲಿ 40 ಕೆ.ಜಿ. ಬಿಗಿ ಇದ್ದರೆ ಲೀಚಿಗೆ ಸಿಗುವುದು 40 × 1.05 ÷ 2.15, ಸುಮಾರು 20 ಕೆ.ಜಿ. ಆನಿಕೆಯನ್ನು 1.22 ಮೀ.ಗೆ ಹಿಂದಕ್ಕೆ ಒಯ್ದರೆ ಅದೇ 40ಕ್ಕೆ ಲೀಚಿನಲ್ಲಿ 25 ಕೆ.ಜಿ. ಬರುತ್ತದೆ. ಡೌನ್‌ಹಾಲನ್ನು 4:1 ಮಾಡಿದರೆ ಕೈಯಲ್ಲಿ 20 ಕೆ.ಜಿ. ಎಳೆದದ್ದು ಲೆಕ್ಕಕ್ಕೆ 80, ರಾಟೆಗಳ ಉಜ್ಜಾಟ ಕಳೆದರೂ 60ರ ಆಸುಪಾಸು ಉಳಿಯುತ್ತದೆ. ಈಗ ನಿಮ್ಮ 2:1ರಲ್ಲಿ ಉಜ್ಜಾಟ ಕಳೆದು 35 ಬಂದರೆ ಹೆಚ್ಚು.

ಆದ್ದರಿಂದ ಹೀಗೆ ಮಾಡಿ. ಗಾಳಿ ಇಲ್ಲದ ಬೆಳಿಗ್ಗೆ ದೋಣಿಯನ್ನು ದಡದಲ್ಲೇ ಸಮವಾಗಿ ನಿಲ್ಲಿಸಿ ಹಾಯಿ ಏರಿಸಿ. ಹ್ಯಾಲ್ಯಾರ್ಡ್ ಕಟ್ಟು 1.22 ಮೀ.ಗೆ, ಬೂಮ್ ಮಾಸ್ಟಿನ ಮುಂದೆ 45 ಸೆಂ.ಮೀ.ಗೆ. ಎರಡನ್ನೂ ಒಟ್ಟಿಗೇ ಬದಲಿಸಿ. ಮೇಲಿನದನ್ನು ಮಾತ್ರ ಬದಲಿಸಿದರೆ ಹಾಯಿ ಓರೆಯಾಗಿ ನಿಲ್ಲುತ್ತದೆ, ಬೂಮ್ ತುದಿ ಮೇಲೇಳುತ್ತದೆ. ಹ್ಯಾಲ್ಯಾರ್ಡನ್ನು ಪೂರ್ತಿ ಎಳೆದು ಕ್ಲೀಟಿಗೆ (ಹಗ್ಗ ಹಿಡಿಸುವ ಗೂಟ) ಕಟ್ಟಿ. ಆಮೇಲೆ ಡೌನ್‌ಹಾಲ್ ಎಳೆಯಿರಿ, ಮೈಭಾರ ಹಾಕಿಯೇ ಎಳೆಯಿರಿ. ಪೀಕ್‌ನಿಂದ ಟ್ಯಾಕ್ (ಮುಂದಿನ ಕೆಳಮೂಲೆ) ಕಡೆಗೆ ಒಂದೆರಡು ಸಣ್ಣ ನಿರಿಗೆ ಮೂಡಿದ ಕೂಡಲೇ ನಿಲ್ಲಿಸಿ. ಗಾಳಿ ತುಂಬಿದಾಗ ಅವು ಮಾಯವಾಗುತ್ತವೆ. ಗಾಳಿಯಲ್ಲೂ ಉಳಿದರೆ ಬಿಗಿ ಜಾಸ್ತಿಯಾಗಿದೆ, ಒಂದಿಂಚು ಬಿಡಿ. ಗಾಳಿಯಲ್ಲಿ ಮತ್ತೆ ಕ್ಲ್ಯೂ ಕಡೆಯ ನಿರಿಗೆ ಬಂದರೆ ಬಿಗಿ ಸಾಲದು. ಈ ಎರಡು ನಿರಿಗೆಗಳ ನಡುವೆ ಎಲ್ಲೋ ಸರಿಯಾದ ಜಾಗ ಇದೆ. ಗಾಳಿ ಏರಿದ ಹಾಗೆ ಅದು ಬಿಗಿಯ ಕಡೆಗೆ ಸರಿಯುತ್ತದೆ.

ಯಾರ್ಡ್ ಮಾಸ್ಟಿನಿಂದ ದೂರ ಹೋಗುವುದಕ್ಕೆ ಮದ್ದು ಸುಲಭ. ಹ್ಯಾಲ್ಯಾರ್ಡನ್ನು ಯಾರ್ಡಿಗೆ ನೇರ ಕಟ್ಟಬೇಡಿ. ಕಟ್ಟುವ ಜಾಗದಲ್ಲಿ ಯಾರ್ಡಿಗೆ ಒಂದು ಚಿಕ್ಕ ಕಣ್ಣು ಅಥವಾ ಹಗ್ಗದ ಕುಣಿಕೆ ಇರಲಿ. ಹ್ಯಾಲ್ಯಾರ್ಡ್ ಮೇಲಿನಿಂದ ಬಂದು ಆ ಕುಣಿಕೆಯೊಳಗೆ ತೂರಿ, ಮಾಸ್ಟನ್ನು ಒಂದು ಸುತ್ತು ಬಳಸಿ, ಮತ್ತೆ ಯಾರ್ಡಿಗೆ ಬಂದು ಅಲ್ಲಿ ಕಟ್ಟಿಕೊಳ್ಳಲಿ. ಎಳೆದಷ್ಟೂ ಯಾರ್ಡನ್ನು ಮಾಸ್ಟಿಗೆ ತಬ್ಬಿಸುತ್ತದೆ. ಉಜ್ಜುವ ಜಾಗಕ್ಕೆ ಚರ್ಮದ ಪಟ್ಟಿ ಸುತ್ತಿ.

ಎಡಬದಿಯ ಗಾಳಿಗೆ ಹಾಯಿ ಮಾಸ್ಟಿಗೆ ಒತ್ತುವುದು ಲಗ್ ಹಾಯಿಯ ಜಾಯಮಾನ. ಅದರಿಂದ ಆಗುವ ನಷ್ಟ ನೋಡಿ ಬೇಸರವಾಗುವಷ್ಟಿಲ್ಲ, ಬಿಡಿ.

ಹುರಿಹಗ್ಗ

ಮೇಲಿನವರ ಲೆಕ್ಕ ಸರಿ. ಆದರೆ ನೈಲಾನ್ ಇರುವ ತನಕ ಆ ಲೆಕ್ಕ ಕಾಗದದ ಮೇಲೆ ಮಾತ್ರ.

ಯಾರ್ಡಿನಿಂದ ಮಾಸ್ಟ್ ತುದಿಗೆ ಹೋಗಿ ಕೆಳಗಿನ ಕ್ಲೀಟಿನವರೆಗೆ ನಿಮ್ಮಲ್ಲಿ ಸುಮಾರು ನಾಲ್ಕೂವರೆ ಮೀಟರ್ ಹಗ್ಗ ಭಾರದಲ್ಲಿರುತ್ತದೆ. ಶೇ 3ರಷ್ಟು ಹಿಗ್ಗಿದರೂ 13 ಸೆಂ.ಮೀ. ಹೋಯಿತು, ಅಷ್ಟಾದರೆ ನೀವು ಎಳೆದ ಡೌನ್‌ಹಾಲ್ ಎಲ್ಲ ನೀರಿಗೆ ಹಾಕಿದ ಹಾಗೆ. ನೈಲಾನ್ ಅದಕ್ಕಿಂತ ಸುಲಭವಾಗಿ ಹೆಚ್ಚೇ ಹಿಗ್ಗುತ್ತದೆ, ಒದ್ದೆಯಾದಾಗ ಇನ್ನೂ ಮೆತ್ತಗಾಗುತ್ತದೆ. ಲಂಗರಿಗೆ ಅದು ಬಂಗಾರ, ಜಗ್ಗುವಿಕೆಯ ಪೆಟ್ಟನ್ನು ಅದೇ ನುಂಗುತ್ತದೆ. ಹಾಯಿ ಏರಿಸಲು ಬೇಡ. ಬಂದರಿನಲ್ಲಿ ಸಿಗುವ ಹಸಿರು-ನೀಲಿ ಪಾಲಿಪ್ರೊಪಿಲೀನ್ ಹಗ್ಗವೂ ಬೇಡ, ಬಿಸಿಲಿಗೆ ಪುಡಿಯಾಗುತ್ತದೆ, ಕ್ಲೀಟಿನಲ್ಲಿ ಜಾರುತ್ತದೆ. 6 ಮಿ.ಮೀ. ಹೆಣೆದ ಪಾಲಿಯೆಸ್ಟರ್ ಹ್ಯಾಲ್ಯಾರ್ಡಿಗೆ ಸಾಕು. ದುಡ್ಡಿದ್ದರೆ ಡೈನೀಮಾ. ಡೌನ್‌ಹಾಲಿಗೆ 5 ಮಿ.ಮೀ. ಪಾಲಿಯೆಸ್ಟರ್ ಬಲಕ್ಕೆ ಸಾಲುತ್ತದೆ, ಆದರೆ ಬರಿಗೈಯಲ್ಲಿ ಎಳೆಯಲು 6 ಇದ್ದರೆ ಒಳ್ಳೆಯದು.

ಎರಡನೆಯದು ಬಿದಿರು. ಹಾಯಿಯ ತಲೆಯ ಅಂಚನ್ನು ನೇರ ಕತ್ತರಿಸಿದ್ದೀರೋ, ಉಬ್ಬು ಕೊಟ್ಟಿದ್ದೀರೋ? ಮುಂಗೋಡಿ ಕಣ್ಣಿನಿಂದ ಪೀಕ್ ಕಣ್ಣಿಗೆ ದಾರ ಬಿಗಿದು ನಡುವಿನಲ್ಲಿ ಬಟ್ಟೆ ದಾರದಿಂದ ಎಷ್ಟು ಹೊರಗಿದೆ ಅಳೆಯಿರಿ. ಆಮೇಲೆ ಹಾಯಿ ಏರಿಸಿ ಡೌನ್‌ಹಾಲ್ ಬಿಗಿದು ಯಾರ್ಡ್ ಎಷ್ಟು ಬಾಗುತ್ತದೆ ಅಂತಲೂ ಹಾಗೇ ದಾರ ಹಿಡಿದು ಅಳೆಯಿರಿ. ಎರಡು ತುದಿ ಕೆಳಗೆ, ನಡು ಮೇಲೆ, ಬಿಲ್ಲಿನಂತೆ ಬಾಗುತ್ತದಲ್ಲ, ಆ ಬಾಗು ಬಟ್ಟೆಯ ಉಬ್ಬಿಗಿಂತ ಹೆಚ್ಚಾದರೆ ಹಾಯಿಯ ಮೇಲರ್ಧ ಹಲಗೆಯಂತೆ ಚಪ್ಪಟೆಯಾಗಿ, ಮುಂಗೋಡಿಯ ಹತ್ತಿರ ಗಟ್ಟಿ ಗೆರೆಯೊಂದು ಬೀಳುತ್ತದೆ. ಅದು ಡೌನ್‌ಹಾಲ್ ನಿರಿಗೆಯಂತೆಯೇ ಕಾಣುತ್ತದೆ, ಆದರೆ ಎಳೆದಷ್ಟೂ ಹೆಚ್ಚುತ್ತದೆ. ಗುರುತು ಹಿಡಿಯುವುದು ಹಾಗೆ.

ಹೊಳೆಕರೆ

ಇಬ್ಬರಿಗೂ ಧನ್ಯವಾದ. ಪಾಲಿಯೆಸ್ಟರ್ ಹಗ್ಗ ಹಾಕಿದೆ, 4:1 ಮಾಡಿದೆ, ಹೇಳಿದ ಹಾಗೆ 1.22 ಮತ್ತು 45. ಯಾರ್ಡ್ ಈಗ ಮಾಸ್ಟಿಗೆ ಅಂಟಿಕೊಂಡೇ ಇರುತ್ತದೆ.

ತಲೆಯ ಉಬ್ಬು 2 ಸೆಂ.ಮೀ. ಬಿದಿರಿನ ಬಾಗು 6 ಸೆಂ.ಮೀ. 8 ನಾಟ್‌ವರೆಗೆ ಹಾಯಿ ಚೆಂದ ನಿಲ್ಲುತ್ತದೆ, ಅದರ ಮೇಲೆ ಮುಂಗೋಡಿ ಹತ್ತಿರ ಗೆರೆ. ಡೌನ್‌ಹಾಲ್ ಎಳೆದರೆ ಅದು ಹೆಚ್ಚುತ್ತದೆ. ಟಿಲ್ಲರ್ ಮೊದಲಿಗಿಂತ ವಾಸಿ, ಆದರೂ ಭಾರ.

ಹುರಿಹಗ್ಗ

ಉತ್ತರ ನಿಮ್ಮ ಅಳತೆಯಲ್ಲೇ ಇದೆ. 4 ಸೆಂ.ಮೀ. ವ್ಯತ್ಯಾಸ. ಒಂದೋ ಬಟ್ಟೆಗೆ ಉಬ್ಬು ಸೇರಿಸಬೇಕು, ಇಲ್ಲ ಯಾರ್ಡ್ ಬಿಗುವಾಗಬೇಕು. ಹೊಲಿದ ಹಾಯಿಗೆ ಬಟ್ಟೆ ಸೇರಿಸುವುದು ದೊಡ್ಡ ಕೆಲಸ, ಯಾರ್ಡ್ ಬದಲಿಸುವುದು ಸಣ್ಣದು.

ಗಂಟಿಲ್ಲದ, ನೇರ ಎಳೆಯ ಪೈನ್ ಎರಡು ಪಟ್ಟಿ ಎಪಾಕ್ಸಿ ಹಾಕಿ ಅಂಟಿಸಿ. ಅಂಟಿಸುವಾಗ ಒಂದರ ಎಳೆ ಇನ್ನೊಂದಕ್ಕೆ ತಿರುಗುಮುರುಗು ಇರಲಿ, ಆಗ ಒಣಗಿದ ಮೇಲೆ ಸೊಟ್ಟಗಾಗುವುದಿಲ್ಲ. ಹ್ಯಾಲ್ಯಾರ್ಡ್ ಕಟ್ಟುವ ಜಾಗದಲ್ಲಿ 45 ಮಿ.ಮೀ. ಚೌಕ, ಮುಂದಿನ ತುದಿಗೆ 36, ಪೀಕ್‌ಗೆ 30ಕ್ಕೆ ಇಳಿಸಿ, ಮೂಲೆ ಹೊಡೆದು ದುಂಡು ಮಾಡಿ. ಒಮ್ಮೆಗೇ ಹೆರೆಯಬೇಡಿ. ಸ್ವಲ್ಪ ದಪ್ಪ ಉಳಿಸಿಕೊಂಡು ಹಾಯಿ ಕಟ್ಟಿ, ಬಾಗು ಅಳೆದು, ಬೇಕಾದರೆ ಮತ್ತೆ ಹೆರೆಯಿರಿ. ಬಾಗು 2ರಿಂದ 3 ಸೆಂ.ಮೀ.ಗೆ ಬಂದಾಗ ನಿಲ್ಲಿಸಿ, ವಾರ್ನಿಶ್ ಹೊಡೆಯಿರಿ.

ಬಿದಿರನ್ನೇ ಉಳಿಸಿಕೊಳ್ಳುವ ಆಸೆಯಿದ್ದರೆ ಬುಡದ ಭಾಗ ಮುಂದೆ, ತುದಿ ಪೀಕ್ ಕಡೆ ಇದೆಯೇ ನೋಡಿ. ತಿರುಗಿಸಿ ಕಟ್ಟಿದ್ದರೆ ಬಾಗು ತಪ್ಪು ಜಾಗದಲ್ಲಿ ಬೀಳುತ್ತದೆ. ಆದರೂ ಬಿದಿರು ಒಂದು ಬದಿಗೆ ಒಂದು ತರ, ಇನ್ನೊಂದು ಬದಿಗೆ ಇನ್ನೊಂದು ತರ ಬಾಗುತ್ತದೆ. ಎರಡು ಓಟಕ್ಕೆ ಎರಡು ಹಾಯಿ ಇದ್ದ ಹಾಗೆ ಆಗುತ್ತದೆ.

ಹೊಸ ಯಾರ್ಡಿಗೆ ಹಾಯಿ ಕಟ್ಟುವಾಗ ಮೊದಲು ಮುಂಗೋಡಿ ಗಟ್ಟಿಯಾಗಿ ಕಟ್ಟಿ, ಆಮೇಲೆ ಪೀಕನ್ನು ಕೈಬಲದಲ್ಲಿ ಎಳೆದು, ಯಾರ್ಡಿಗೆ ಸಮಾನಾಂತರ ಒಂದು ತೆಳು ನಿರಿಗೆ ಮೂಡಿದಾಗ ಕಟ್ಟಿ. ನಡುವಿನ ಕಣ್ಣುಗಳನ್ನು ಒಂದೊಂದಾಗಿ ಬಿಡಿ ತುಂಡು ಹಗ್ಗದಲ್ಲಿ ಕಟ್ಟಿ. ಸುರುಳಿ ಸುತ್ತಿ ಒಂದೇ ಹಗ್ಗದಲ್ಲಿ ಕಟ್ಟಿದರೆ ಭಾರ ಬಿದ್ದಾಗ ಬಟ್ಟೆ ಉದ್ದಕ್ಕೆ ಜಾರಿ, ಒಂದು ಕಡೆ ಸಡಿಲ, ಒಂದು ಕಡೆ ಬಿಗಿ.

ಸೊಲೆಂಟ್ ಕನ್ನಡಿಗ

ಟಿಲ್ಲರ್ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ನಾನು ತೆಗೆದುಕೊಳ್ಳುತ್ತೇನೆ.

ಮೊದಲು ಬೇರೆ ಮಾಡಿಕೊಳ್ಳಬೇಕಾದ್ದು: ಟಿಲ್ಲರ್ *ಭಾರ*ವೋ, ಟಿಲ್ಲರ್ *ಓರೆ*ಯೋ? ಎರಡೂ ಬೇರೆ ಕಾಯಿಲೆ. ದೋಣಿ ನೇರ ಓಡುತ್ತಿರುವಾಗ ಟಿಲ್ಲರ್ ತುದಿ ನಡುಗೆರೆಯಿಂದ ಎಷ್ಟು ದೂರ ಇದೆ ಅಂತ ಅಳೆಯಿರಿ. 90 ಸೆಂ.ಮೀ. ಟಿಲ್ಲರ್ ಆದರೆ ತುದಿ 8 ಸೆಂ.ಮೀ. ಸರಿದರೆ 5 ಡಿಗ್ರಿ. ಅಷ್ಟು ಇರಲೇಬೇಕು, ಅಷ್ಟಿದ್ದರೆ ದೋಣಿ ಕೈಗೆ ಸುದ್ದಿ ಕೊಡುತ್ತದೆ. 15 ಸೆಂ.ಮೀ. ಆದರೆ 10 ಡಿಗ್ರಿ, ಆಗ ಚುಕ್ಕಾಣಿ ಬ್ರೇಕ್ ಹಾಕಿದಂತೆ.

ಟಿಲ್ಲರ್ ನಡುವಿನ ಹತ್ತಿರವೇ ಇದ್ದು ಕೈಗೆ ಮಾತ್ರ ಭಾರವಾಗಿದ್ದರೆ ಹಾಯಿ ಮುಟ್ಟಬೇಡಿ, ಚುಕ್ಕಾಣಿಯ ಅಲಗು ನೋಡಿ. ಮಡಚುವ ಅಲಗು ವೇಗದಲ್ಲಿ ನೀರಿನ ಒತ್ತಡಕ್ಕೆ ಹಿಂದಕ್ಕೆ ತೇಲುತ್ತದೆ. 20 ಡಿಗ್ರಿ ಹಿಂದೆ ಹೋದರೂ ಒತ್ತಡದ ಕೇಂದ್ರ ತಿರುಗಣಿಯಿಂದ ದೂರವಾಗಿ ಟಿಲ್ಲರ್ ಕಬ್ಬಿಣವಾಗುತ್ತದೆ. ಬಹಳಷ್ಟು ಮನೆಯಲ್ಲಿ ಕಟ್ಟಿದ ದೋಣಿಗಳಲ್ಲಿ ಅಲಗನ್ನು ಕೆಳಗೆ ಹಿಡಿಯಲು ರಬ್ಬರ್ ಹಗ್ಗ ಮಾತ್ರ ಹಾಕಿರುತ್ತಾರೆ, ಅದು ಸಾಲದು. ಹಿಗ್ಗದ ಹಗ್ಗ ಹಾಕಿ ಟಿಲ್ಲರ್ ಮೇಲೆ ಕ್ಲೀಟಿಗೆ ಕಟ್ಟಿ. ಕಲ್ಲಿಗೆ ತಾಗಿದಾಗ ಬಿಡಬೇಕಲ್ಲ ಅಂದರೆ ತಾನೇ ಬಿಚ್ಚಿಕೊಳ್ಳುವ ಕ್ಲೀಟ್ ಸಿಗುತ್ತದೆ. ಇಲ್ಲದಿದ್ದರೆ ನಡುವೆ ಒಂದು ತುಂಡು ತೆಳು ನೂಲು, ತಾಗಿದರೆ ಹರಿಯುತ್ತದೆ.

ನಿಜವಾಗಿ ಓರೆಯಾಗಿದ್ದರೆ ಎರಡನೆಯ ಪ್ರಶ್ನೆ: ದೋಣಿ ಎಷ್ಟು ವಾಲಿದೆ? ನಿಮ್ಮ ಹಾಯಿಯ ಒತ್ತಡದ ಕೇಂದ್ರ ನೀರಿನಿಂದ ಸುಮಾರು 2.4 ಮೀ. ಮೇಲಿರುತ್ತದೆ. 20 ಡಿಗ್ರಿ ವಾಲಿದರೆ ಆ ಕೇಂದ್ರ ಮರೆಯ ಕಡೆಗೆ 80 ಸೆಂ.ಮೀ. ಸರಿಯಿತು. ಅಲ್ಲಿಂದ ಅದು ಮುಂದಕ್ಕೆ ತಳ್ಳಿದರೆ ದೋಣಿ ಗಾಳಿಗೆ ತಿರುಗದೆ ಏನು ಮಾಡೀತು? ಹಾಯಿಯನ್ನು 10 ಸೆಂ.ಮೀ. ಮುಂದೆ ಜರುಗಿಸಿ ಇದನ್ನು ಸರಿಮಾಡಲು ಆಗುವುದಿಲ್ಲ. ಗಾಳಿ ಕಡೆಯ ಅಂಚಿಗೆ ಕುಳಿತು 10 ಡಿಗ್ರಿಯೊಳಗೆ ಹಿಡಿಯಿರಿ, ಆಗದಿದ್ದರೆ ರೀಫ್ ಹಾಕಿ, ಅಂದರೆ ಹಾಯಿಯ ಕೆಳಭಾಗ ಮಡಚಿ ಕಟ್ಟಿ ಸಣ್ಣದು ಮಾಡಿ. ರಾತ್ರಿ ತಂಗುವ ಸಾಮಾನು, ನೀರಿನ ಕ್ಯಾನ್ ಮುಂದಿನ ಮೂಲೆಯಲ್ಲಿ ತುಂಬಿದ್ದರೆ ತೆಗೆದು ನಡುವಿಗೆ ತನ್ನಿ. ಮೂತಿ ತಗ್ಗಿದರೂ ಇದೇ ರೋಗ. ಟ್ರಾನ್ಸಮ್ಮಿನ (ದೋಣಿಯ ಹಿಂಬದಿಯ ಹಲಗೆ) ಕೆಳ ಅಂಚು ನೀರಿಗೆ ತಾಗಿಯೂ ತಾಗದಂತೆ ಇರಬೇಕು.

ಇದೆಲ್ಲ ಆದ ಮೇಲೂ 5 ಡಿಗ್ರಿಗಿಂತ ಹೆಚ್ಚಿದ್ದರೆ ಸೆಂಟರ್‌ಬೋರ್ಡನ್ನು 15 ಡಿಗ್ರಿ ಹಿಂದಕ್ಕೆ ಎತ್ತಿ. 80 ಸೆಂ.ಮೀ. ಬೋರ್ಡಿನ ನಡು ಸುಮಾರು 10 ಸೆಂ.ಮೀ. ಹಿಂದೆ ಹೋಗುತ್ತದೆ, ಆಳ ಕಳೆದುಕೊಳ್ಳುವುದು ಶೇ 3 ಮಾತ್ರ. ಹಾಯಿಯನ್ನು ಅಷ್ಟೇ ಮುಂದೆ ಜರುಗಿಸಿದ ಫಲವೇ ಇದು, ಅದೂ ಓಡುತ್ತಿರುವಾಗಲೇ ಸಿಗುತ್ತದೆ. ಇದರಿಂದ ಟಿಲ್ಲರ್ ಸರಿಹೋದರೆ ದಡಕ್ಕೆ ಬಂದ ಮೇಲೆ ಹ್ಯಾಲ್ಯಾರ್ಡ್ ಕಟ್ಟು, ಬೂಮ್ ಕಟ್ಟು ಎರಡನ್ನೂ ಅಷ್ಟಷ್ಟೇ ಹಿಂದಕ್ಕೆ ಕಟ್ಟಿ ಹಾಯಿ ಮುಂದೆ ಬರುವಂತೆ ಮಾಡಿ. ಬೋರ್ಡ್ ಪೂರ್ತಿ ಕೆಳಗೇ ಇರಲಿ.

ಇನ್ನು ಮಾಸ್ಟಿನ ಓರೆ. ತಾಫ್ಟಿನ ರಂಧ್ರದಿಂದ ಕೆಳಗಿನ ಪಾದಕ್ಕೆ 45 ಸೆಂ.ಮೀ. ಇದ್ದರೆ 8 ಮಿ.ಮೀ. ಬೆಣೆಯಿಂದ ಮಾಸ್ಟ್ 1 ಡಿಗ್ರಿ ತಿರುಗುತ್ತದೆ, ಹಾಯಿಯ ಕೇಂದ್ರ 4 ಸೆಂ.ಮೀ. ಮುಂದೆ ಬರುತ್ತದೆ. ತಾಫ್ಟ್ ಕೀಳದೆಯೇ ಅದನ್ನೂ ಮಾಡಬಹುದು.

ಒಂದು ಮಾತು ಬೇರೆಯಾಗಿ. ಇಂಗ್ಲಿಷಿನಲ್ಲಿ ಓದಿ ಬರುವವರು ಗಮನಿಸಿ: ಇಲ್ಲಿ ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಟ್ಟುವ ದೋಣಿ ಅಂದರೆ ಬಹಳ ಜನರಿಗೆ 1960ರ ದಶಕದ 3.3 ಮೀಟರಿನ ‘ಮಿರರ್’ ಎಂಬ ದೋಣಿ. ನಿಮ್ಮದರಂತೆಯೇ ಪ್ಲೈವುಡ್ ಹೊಲಿದು ಕಟ್ಟುವುದು ನಿಜ, ಆದರೆ ಅದರ ಹಾಯಿ ಗಂಟರ್, ಯಾರ್ಡ್ ಮಾಸ್ಟಿಗೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ, ಜೊತೆಗೆ ಮುಂದೆ ಜಿಬ್ ಎಂಬ ಇನ್ನೊಂದು ಹಾಯಿ ಬೇರೆ. ಅದರ ಹೊಂದಾಣಿಕೆಯ ಸಲಹೆ ಲಗ್‌ಗೆ ಹಾಗೇ ಹಾಕಿದರೆ ನಡೆಯುವುದಿಲ್ಲ.

ಮೂಡುಗಾಳಿ

ಬೆಣೆಯ ಮಾತು ಒಪ್ಪುವುದಿಲ್ಲ. ಸ್ಟೇ ಇಲ್ಲದ ಅಲ್ಯೂಮಿನಿಯಂ ಪೈಪಿಗೆ ತಾಫ್ಟಿನ ರಂಧ್ರದಲ್ಲೇ ಅತಿ ಹೆಚ್ಚು ಒತ್ತಡ. ಅಲ್ಲಿ ಒಂದು ಬದಿಗೆ ಬೆಣೆ ತುರುಕಿದರೆ ಪೈಪು ಒಂದೇ ಗೆರೆಯ ಮೇಲೆ ಒತ್ತಿಕೊಂಡು ತಗ್ಗು ಬೀಳುತ್ತದೆ, ಮುಂದೆ ಮುರಿಯುವುದೂ ಅಲ್ಲೇ. ಮಾಡಲೇಬೇಕಿದ್ದರೆ ಕೆಳಗಿನ ಪಾದದಲ್ಲಿ ಬೆಣೆ ಹಾಕಿ, ಮೇಲಿನ ರಂಧ್ರಕ್ಕೆ ಸುತ್ತಲೂ ಚರ್ಮ ಇರಲಿ. ಹಾಯಿ ಜರುಗಿಸಲು ಎರಡು ಗಂಟು ಬಿಚ್ಚಿದರೆ ಸಾಕಿರುವಾಗ ಇದೆಲ್ಲ ಯಾಕೆ ಅಂತ.

120 ಡಿಗ್ರಿ ಬಗ್ಗೆ: ಶೀಟ್ (ಬೂಮನ್ನು ಒಳಗೆಳೆಯುವ ಹಗ್ಗ) ಅತಿಯಾಗಿ ಎಳೆಯುತ್ತಿದ್ದೀರಿ ಅನಿಸುತ್ತದೆ. ಲಗ್ ಹಾಯಿಯಲ್ಲಿ ಬೂಮನ್ನು ನಡುಗೆರೆಗೆ ತಂದರೆ ಮೂತಿ ಗಾಳಿಗೆ ಹತ್ತಿರ ಕಾಣುತ್ತದೆ, ದೋಣಿ ಮಾತ್ರ ಪಕ್ಕಕ್ಕೆ ಜಾರುತ್ತಿರುತ್ತದೆ. ಬೂಮ್ ತುದಿ ಟ್ರಾನ್ಸಮ್ಮಿನ ಮೂಲೆಯ ಮೇಲೆ ಬರುವಷ್ಟು ಬಿಡಿ. ಲೀಚಿನ ಅಂಚಿಗೆ ಕೆಳಗಿನಿಂದ ಕಾಲು, ಅರ್ಧ, ಮುಕ್ಕಾಲು ಎತ್ತರದಲ್ಲಿ ಒಂದು ಗೇಣು ಉಣ್ಣೆ ನೂಲು ಕಟ್ಟಿ. ಕೆಳಗಿನ ಎರಡು ಸದಾ ಹಿಂದಕ್ಕೆ ಹಾರಬೇಕು. ಮೇಲಿನದು ಅರ್ಧ ಹೊತ್ತು ಹಾರಿ, ಅರ್ಧ ಹೊತ್ತು ಹಾಯಿಯ ಹಿಂದೆ ಅವಿತುಕೊಳ್ಳುತ್ತಿದ್ದರೆ ಸರಿಯಾಗಿದೆ. ಪೂರ್ತಿ ಅವಿತರೆ ಶೀಟ್ ಬಿಡಿ. ಪೂರ್ತಿ ಹಾರುತ್ತಿದ್ದು ದೋಣಿಗೆ ಜೀವವಿಲ್ಲದಿದ್ದರೆ ಎಳೆಯಿರಿ. ಲಫ್‌ಗೆ ನೂಲು ಕಟ್ಟಿ ಪ್ರಯೋಜನವಿಲ್ಲ, ಒಂದು ಓಟದಲ್ಲಿ ಮಾಸ್ಟೇ ಅಲ್ಲಿಯ ಗಾಳಿ ಕೆಡಿಸುತ್ತದೆ.

ಔಟ್‌ಹಾಲ್ (ಕ್ಲ್ಯೂವನ್ನು ಬೂಮಿನ ತುದಿಗೆ ಎಳೆದು ಕಟ್ಟುವ ಹಗ್ಗ) ಮರೆಯಬೇಡಿ, ಅದು ಬಹಳ ಸೂಕ್ಷ್ಮ. 3 ಮೀ. ಕೆಳ ಅಂಚಿನಲ್ಲಿ ಕ್ಲ್ಯೂ 1 ಸೆಂ.ಮೀ. ಮುಂದೆ ಬಂದರೆ ಹೊಟ್ಟೆ ಸುಮಾರು 10 ಸೆಂ.ಮೀ., 2 ಬಂದರೆ 15, 4 ಬಂದರೆ 21. ಮೊದಲ ಸೆಂಟಿಮೀಟರೇ ಅರ್ಧ ಕೆಲಸ ಮಾಡಿಬಿಡುತ್ತದೆ. ಬೂಮಿನ ಮೇಲೆ ಪೆನ್ಸಿಲಿನಲ್ಲಿ ಸೆಂಟಿಮೀಟರ್ ಗೆರೆ ಎಳೆದುಕೊಳ್ಳಿ. ಗಟ್ಟಿ ಗಾಳಿಗೆ 1, ಸಾಧಾರಣ ಗಾಳಿಗೆ 2, ಮಂದಗಾಳಿಗೂ ಅಲೆಯಿದ್ದಾಗಲೂ 3ರಿಂದ 4.

ಕಾಳಿ ಕಡವು

ಹ್ವಾಯ್, ಗಾಳಿ ಬೆನ್ನಿಗಿದ್ದಾಗಿನ ಹೊಯ್ದಾಟಕ್ಕೆ ಯಾರೂ ಉತ್ತರ ಕೊಡಲಿಲ್ಲ, ಬೀಳಿಸುವುದು ಅದೇ ಮಾರಾಯ್ರೆ.

ಎದುರುಗಾಳಿಯಲ್ಲಿ ಶೀಟ್ ಬೂಮನ್ನು ಕೆಳಕ್ಕೂ ಎಳೆದು ಲೀಚ್ ಬಿಗಿ ಹಿಡಿದಿರುತ್ತದೆ. ಶೀಟ್ ಬಿಟ್ಟ ಕೂಡಲೇ ಆ ಸಹಾಯ ಹೋಯಿತು. ಬೂಮ್ ತುದಿ ಮೇಲೇಳುತ್ತದೆ, ಯಾರ್ಡ್ ಮಾಸ್ಟಿಗಿಂತ ಮುಂದಕ್ಕೆ ತಿರುಗುತ್ತದೆ. ಬೂಮ್ 85 ಡಿಗ್ರಿ ಹೊರಗಿದ್ದು ಯಾರ್ಡ್ ಇನ್ನೂ 20 ತಿರುಚಿದರೆ ಹಾಯಿಯ ಮೇಲ್ಭಾಗ ದೋಣಿಯನ್ನು ಗಾಳಿ ಕಡೆಗೇ ತಳ್ಳುತ್ತದೆ. ಹೊಯ್ದಾಟ ಹುಟ್ಟುವುದು ಅಲ್ಲಿ. ಆದ್ದರಿಂದ ಬೂಮ್ 75 ಡಿಗ್ರಿ ದಾಟಬಾರದು. ಶೀಟಿನಲ್ಲಿ ಆ ಅಳತೆಗೆ ಎಂಟರ ಗಂಟು ಹಾಕಿಬಿಡಿ. ಬೋರ್ಡ್ ಪೂರ್ತಿ ಎತ್ತಬೇಡಿ, ಅರ್ಧ ಕೆಳಗಿರಲಿ. ಹೊಯ್ದಾಟ ಶುರುವಾದರೆ ಶೀಟ್ *ಎಳೆಯಿರಿ*, ಗಾಳಿಯನ್ನು ಬೆನ್ನಿನಿಂದ ಸ್ವಲ್ಪ ಬದಿಗೆ ತಂದುಕೊಳ್ಳಿ. ಹೆದರಿ ಶೀಟ್ ಬಿಟ್ಟರೆ ಇನ್ನೂ ಹೆಚ್ಚುತ್ತದೆ.

ಪಕ್ಕಾ ಪರಿಹಾರ ಬೇಕೆಂದರೆ ಡೌನ್‌ಹಾಲಿನ ಕಟ್ಟನ್ನು ಬೂಮಿನ ಮೇಲೆ ಮಾಸ್ಟಿನಿಂದ 30 ಸೆಂ.ಮೀ. ಹಿಂದಕ್ಕೆ ಒಯ್ಯಿರಿ. ಬೂಮೂ ಏತವೇ. ಮಾಸ್ಟಿನ ಬಳಿ, ಅಂದರೆ ಮುಂಗೋಡಿಯಿಂದ 45ರಲ್ಲಿ ಕಟ್ಟಿದ್ದಾಗ ಶೀಟಿನ ಸಹಾಯವಿಲ್ಲದೆ ಲೀಚಿಗೆ ಸಿಗುವ ಬಿಗಿ ಲಫ್‌ನ ಆರನೇ ಒಂದು ಭಾಗ ಚಿಲ್ಲರೆ. 75ಕ್ಕೆ ಒಯ್ದರೆ ಮೂರನೇ ಒಂದು ಭಾಗ. ಆಗ ಒಂದೇ ಹಗ್ಗ ಡೌನ್‌ಹಾಲೂ ಹೌದು, ಬೂಮ್ ಮೇಲೇಳದಂತೆ ಹಿಡಿಯುವ ವ್ಯಾಂಗೂ ಹೌದು. ತೊಡಕು ಏನೆಂದರೆ ಅದು ಓರೆಯಾಗಿ ಎಳೆಯುವುದರಿಂದ ಬೂಮ್ ಮುಂದಕ್ಕೆ ಜಾರುತ್ತದೆ. ಅದನ್ನು ಹಿಡಿಯಲು ಬೂಮಿನ ಮುಂಗೋಡಿಯಿಂದ ಮಾಸ್ಟಿಗೆ ಒಂದು ಗಿಡ್ಡ ಹಗ್ಗ ಬೇಕು. ಅದರ ಉದ್ದ 45 ಸೆಂ.ಮೀ., ನಿಮ್ಮ ಮುಂಚಾಚು ಎಷ್ಟೋ ಅಷ್ಟೇ.

ರೀಫ್ ಹೇಗೆ ಹಾಕುತ್ತೀರಿ? ನೀರಿನ ಮೇಲೆ ಬಿಳಿನೊರೆ ಅಲ್ಲಲ್ಲಿ ಕಂಡರೆ 7ರಿಂದ 10 ನಾಟ್, ಎಲ್ಲ ಕಡೆ ಆಗಾಗ ಕಂಡರೆ 11ರಿಂದ 16. ಎರಡನೆಯದು ಬರುವ ಮೊದಲೇ ಒಬ್ಬರೇ ಇರುವ ದೋಣಿಗೆ ಮೊದಲ ರೀಫ್ ಬಿದ್ದಿರಬೇಕು. ಇಳಿತದ ನೀರು ಹೊರಗೆ ಹೋಗುವಾಗ ಪಡುಗಾಳಿ ಎದುರು ಬಂದರೆ ಅಳಿವೆಯಲ್ಲಿ ಅಲೆ ಗಿಡ್ಡ, ಕಡಿದು. ಅಲ್ಲಿ ಎದ್ದುನಿಂತು ಹಗ್ಗ ಕಟ್ಟಲು ಆಗುವುದಿಲ್ಲ, ಒಳಗೇ ಮುಗಿಸಿಕೊಂಡು ಹೋಗಿ.

ಹಾಯಿ ಪೂರ್ತಿ ದೋಣಿಯೊಳಗೆ ಇಳಿಸಿ. ಮೊದಲು ಟ್ಯಾಕ್ ಬದಿಯ ರೀಫ್ ಕಣ್ಣನ್ನು ಬೂಮಿಗೆ ಕಟ್ಟಿ. ಆಮೇಲೆ ಕ್ಲ್ಯೂ ಬದಿಯದನ್ನು *ಹಿಂದಕ್ಕೆ* ಎಳೆದು ಬಿಗಿದು, ಅನಂತರ ಬೂಮಿಗೆ ಸುತ್ತಿ ಕೆಳಕ್ಕೆ ಬಿಗಿಯಿರಿ. ಬರೀ ಕೆಳಕ್ಕೆ ಕಟ್ಟಿದರೆ ಹಾಯಿ ಸಣ್ಣದಾಯಿತು, ಹೊಟ್ಟೆ ದೊಡ್ಡದಾಯಿತು. ಗಾಳಿ ಜೋರಿರುವಾಗ ಬೇಡದ್ದೇ ಅದು. ನಡುವಿನ ಕಟ್ಟುಗಳು ಉಳಿದ ಬಟ್ಟೆ ಸುತ್ತಿಡಲು ಮಾತ್ರ, ಸಡಿಲವಾಗಿರಲಿ, ಬೂಮನ್ನು ಬಳಸದಿರಲಿ. ಅವುಗಳ ಮೇಲೆ ಭಾರ ಬಿದ್ದರೆ ಕಣ್ಣುಗಳ ಬಳಿ ಬಟ್ಟೆ ಹರಿಯುತ್ತದೆ. 60 ಸೆಂ.ಮೀ. ರೀಫ್ ಅಂದರೆ ನಿಮ್ಮ 8 ಚ.ಮೀ. ಸುಮಾರು 6.2 ಆಗುತ್ತದೆ.

ಮತ್ತೆ ಏರಿಸಿದಾಗ ಯಾರ್ಡ್ ಮಾಸ್ಟ್ ತುದಿಯಿಂದ ಅಷ್ಟೇ ಕೆಳಗೆ ನಿಲ್ಲುತ್ತದೆ, ಮೇಲೆ ಉದ್ದ ಹಗ್ಗ ಉಳಿಯುತ್ತದೆ. ಮಾಸ್ಟನ್ನು ಬಳಸಿ ಕಟ್ಟುವ ಆ ಸುತ್ತು ಇಲ್ಲದಿದ್ದರೆ ಯಾರ್ಡ್ ತೂಗಾಡುವುದು ಈಗ. ಹ್ಯಾಲ್ಯಾರ್ಡಿಗೆ ಬಣ್ಣದ ನೂಲು ಹೊಲಿದು ರೀಫ್ ಗುರುತು ಮಾಡಿಕೊಳ್ಳಿ. ಬೂಮಿನ ಮುಂಚಾಚು ಮತ್ತೆ ನೋಡಿ, ಡೌನ್‌ಹಾಲ್ ಮತ್ತೆ ಬಿಗಿಯಿರಿ. ರೀಫ್ ಹಾಕಿದ ಮೇಲೆ ದೋಣಿ ಎದುರುಗಾಳಿಗೆ ಏರುವುದಿಲ್ಲ ಎನ್ನುವವರ ಹಾಯಿ ನೋಡಿದರೆ ಹೆಚ್ಚಾಗಿ ಡೌನ್‌ಹಾಲ್ ಸಡಿಲ ಬಿಟ್ಟಿರುತ್ತಾರೆ.

ಹೊಳೆಕರೆ

ಅಲಗು ಹಿಂದಕ್ಕೆ ತೇಲುತ್ತಿತ್ತು, ರಬ್ಬರ್ ಹಗ್ಗವೇ ಇದ್ದದ್ದು. ಪೈನ್ ಯಾರ್ಡ್ ಕೆಲಸ ಶುರುವಾಗಿದೆ. ಒಂದೇ ಪ್ರಶ್ನೆ ಉಳಿಯಿತು: 4:1 ಡೌನ್‌ಹಾಲಿನ ಕೆಳತುದಿಯನ್ನು ಎಲ್ಲಿಗೆ ಕಟ್ಟುವುದು? ಈಗ ತಾಫ್ಟಿಗೆ ಒಂದು ಐ-ಬೋಲ್ಟ್ ಹಾಕಿದ್ದೇನೆ.

ಮೂಡುಗಾಳಿ

ತಾಫ್ಟಿಗೆ ಬೇಡ. 60 ಕೆ.ಜಿ. ಮೇಲ್ಮುಖ ಎಳೆತಕ್ಕೆ ಅಂಚಿನ ಅಂಟು ಬಿಡಲು ತೊಡಗುತ್ತದೆ. ಮಾಸ್ಟಿನ ಪಾದದ ಮರಕ್ಕೆ, ತಳದವರೆಗೆ ಹೋಗುವ ಬೋಲ್ಟ್ ಹಾಕಿ ಕಟ್ಟಿದರೆ ಆ ಎಳೆತವೇ ಮಾಸ್ಟನ್ನು ಕೆಳಗೆ ಹಿಡಿದಿಡುತ್ತದೆ. ಮಾಸ್ಟಿಗೇ ಕಟ್ಟುವುದೂ ಸರಿ, ಭಾರವೆಲ್ಲ ಮಾಸ್ಟಿನೊಳಗೇ ಮುಗಿಯುತ್ತದೆ. ಆದರೆ ಆಗ ದೋಣಿ ಮಗುಚಿದರೆ ಮಾಸ್ಟ್ ಪಾದದಿಂದ ಜಾರಿ ಹೊರಬರಬಹುದು, ಪಾದಕ್ಕೆ ಅಡ್ಡ ಪಿನ್ ಹಾಕಲೇಬೇಕು. ಎಳೆಯುವ ತುದಿಯನ್ನು ಒಂದು ರಾಟೆ ದಾಟಿಸಿ ಸೆಂಟರ್‌ಬೋರ್ಡ್ ಪೆಟ್ಟಿಗೆಯ ಮೇಲಿನ ಕ್ಯಾಮ್ ಕ್ಲೀಟಿಗೆ ತನ್ನಿ. ಕುಳಿತಲ್ಲಿಂದ ಕೈಗೆ ಸಿಕ್ಕರೆ ಮಾತ್ರ ಅದನ್ನು ಎಳೆಯುತ್ತೀರಿ.